ಸೇಫ್ಟಿಗೆ ಇನ್ನೊಂದು

ಸ್ಕೂಟರು ಶಿರಾಳಕೊಪ್ಪ ದಾಟುತ್ತಿದ್ದಂತೆ ಪಂಕ್ಚರ್ ಆಗಬಹುದಿತ್ತು. ಆಗದೆ ಉಳಿದರೆ ಆನವಟ್ಟಿಯ ಪೇಟೆಯಲ್ಲಿ ಯಾವುದಾದರೂ ಗೂಡ್ಸ್ ಆಟೋ ಹಿಂದಿನಿಂದ ಬಂದು ತಾಗಬಹುದಿತ್ತು. ಚಿತ್ತೆ ಮಳೆ ಎಲ್ಲೋ ಹೊಂಚು ಹಾಕಿ ಕೂತು, ನಾನು ಕ್ಯಾಮೆರಾ ಹೊರತೆಗೆಯುವುದನ್ನೇ ಕಾಯುತ್ತಿರಬಹುದಿತ್ತು. ಬ್ಯಾಟರಿ ಸಾಯಬಹುದಿತ್ತು. ಎರಡನೆಯ ಬ್ಯಾಟರಿಯೂ ಸಾಯಬಹುದಿತ್ತು. ಮೂರನೆಯದರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ, ಅದೂ ಮೊದಲೆರಡರ ಅಂಗಡಿಯಿಂದಲೇ ಬಂದದ್ದು. ಗದ್ದೆಯ ಬದುವಿನ ಮೇಲೆ ಕಾಲು ಜಾರಿ ನಾನೊಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ ಬೀಳಬಹುದಿತ್ತು. ಯಾವುದನ್ನು ಮೊದಲು ಎತ್ತಬೇಕು ಎಂಬ ವಿಷಯದಲ್ಲಿ ನನಗೂ ಹೆಂಡತಿಗೂ ಅಲ್ಲೇ ಜಗಳವಾಗಬಹುದಿತ್ತು. ಬದುವಿನ ಬಿಲದಲ್ಲಿ ಹಾವಿರಬಹುದಿತ್ತು. ಕ್ಯಾಸನೂರು ಕಡೆಯ ಉಣುಗೊಂದು ಪ್ಯಾಂಟಿನೊಳಗೆ ಹತ್ತಿ ಮಂಗನ ಕಾಯಿಲೆ ತರಬಹುದಿತ್ತು. ಅದು ಬರುವುದು ಬೇಸಿಗೆ ಕಡೆಗೆ, ಈಗಲ್ಲ ಎಂದು ಹೆಂಡತಿ ಹೇಳಿದಳು; ಉಣುಗಿಗೆ ಕ್ಯಾಲೆಂಡರ್ ಓದಲು ಬರುತ್ತದೆಯೇ ಎಂದು ನಾನು ಕೇಳಿದೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಗದ್ದೆಯಲ್ಲಿ ನಿಂತವನನ್ನು ಸರ್ವೆಯವನೆಂದು ತಿಳಿದು ಪಕ್ಕದ ಜಮೀನಿನವರು ಪಹಣಿ, ಪೋಡಿ ಎಂದು ಜಗಳ ತೆಗೆಯಬಹುದಿತ್ತು. ಬಿಪಿ ಮಾತ್ರೆ ಮನೆಯಲ್ಲೇ ಉಳಿದಿರಬಹುದಿತ್ತು. ಗ್ಯಾಸ್ ಆಫ್ ಮಾಡದೆ ಬಂದಿರಬಹುದಿತ್ತು. ಎಲ್ಲ ಸರಿಹೋಗಿ, ಬೆಳಕೂ ಬಂದು, ನಾನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಅಕ್ಕ ಕಣ್ಣು ಮುಚ್ಚಬಹುದಿತ್ತು. ಈ ಕಡೆಯದೊಂದು ಮಾತ್ರ ಹೆದರಿಕೆಯಲ್ಲ, ಮೂವತ್ತು ವರ್ಷದ ಅನುಭವ.

ಆ ಕಡೆಯದೊಂದನ್ನು ಬಿಟ್ಟರೆ ಇದರಲ್ಲಿ ಒಂದೂ ಆಗಲಿಲ್ಲ. ಹಾಗೆಂದು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ನೆಮ್ಮದಿ. ಆ ನೆಮ್ಮದಿ ನನಗೆ ಆಗ ಇರಲಿಲ್ಲ.

ನಾನು ನಿವೃತ್ತ ಫೋಟೋಗ್ರಾಫರ್. ನಿವೃತ್ತ ಎಂಬುದು ಸ್ವಲ್ಪ ದೊಡ್ಡ ಮಾತಾಯಿತು. ನನಗೆ ಯಾರೂ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಡಲಿಲ್ಲ. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಆಚೆ ಬೀದಿಯಲ್ಲಿದ್ದ ನನ್ನ ಸ್ಟುಡಿಯೋದ ಶಟರನ್ನು ಐವತ್ತೆರಡನೆಯ ವಯಸ್ಸಿನಲ್ಲಿ ನಾನೇ ಎಳೆದೆ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಪಕ್ಕದ ಕಟಿಂಗ್ ಶಾಪಿನವರು ಬಂದು ಒದ್ದು ಇಳಿಸಿಕೊಟ್ಟರು. ಅಷ್ಟೇ ಸಮಾರಂಭ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನನ್ನನ್ನು ಮನೆಗೆ ಕಳಿಸಿದ್ದು ಮೊಬೈಲೇ ಆದ್ದರಿಂದ ಇದರಲ್ಲಿ ಒಂದು ನ್ಯಾಯ ಇದೆ ಅನ್ನಿಸುತ್ತದೆ.

ಅಂದಿನಿಂದ ಪ್ರತಿವರ್ಷ ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ ನಾನೂ ಹೆಂಡತಿಯೂ ಸ್ಕೂಟರ್ ಹತ್ತಿ ಹೊರಡುತ್ತೇವೆ. ಅವಳ ಮಡಿಲಲ್ಲಿ ಟೀ ಫ್ಲಾಸ್ಕು, ನನ್ನ ಕೊರಳಲ್ಲಿ ಕ್ಯಾಮೆರಾ. ವರ್ಷದಲ್ಲಿ ಆ ಒಂದೂವರೆ ತಿಂಗಳು ನಮ್ಮ ಸೀಮೆಯ ಬೆಳಕೇ ಬೇರೆ. ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ, ಬೆಳಗಿನ ಬಿಸಿಲು ಓರೆಯಾಗಿ ಬಂದು ಹುಲ್ಲಿನ ಒಂದೊಂದು ಎಸಳನ್ನೂ ಬೇರೆಬೇರೆ ಮಾಡಿ ತೋರಿಸುತ್ತದೆ. ಸ್ಟುಡಿಯೋದೊಳಗೆ ಎರಡು ಛತ್ರಿ ಲೈಟು ಹಚ್ಚಿ ಮೂವತ್ತು ವರ್ಷ ನಾನು ಮಾಡಲು ಹೆಣಗಿದ್ದು ಇಲ್ಲಿ ಪುಕ್ಕಟೆ ಆಗುತ್ತಿರುತ್ತದೆ.

ಆದರೆ ಸ್ಟುಡಿಯೋದವನ ಬುದ್ಧಿ ಬಯಲಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ಜೀವಮಾನವಿಡೀ ಅಲುಗಾಡಬೇಡಿ ಎಂದರೆ ಅಲುಗಾಡದವರ ಪಟ ತೆಗೆದವನು. ಮೊದಲ ವರ್ಷ ಅಂಜನಾಪುರ ಡ್ಯಾಮಿನ ನೀರಿನ ಅಂಚಿನಲ್ಲಿ ಒಂದು ಬೆಳ್ಳಕ್ಕಿ ಸಿಕ್ಕಿತು. ನನಗೇ ಗೊತ್ತಿಲ್ಲದೆ, "ಸ್ವಲ್ಪ ಬಲಕ್ಕೆ, ಗಲ್ಲ ಇಳಿಸಿ" ಅಂದುಬಿಟ್ಟೆ. ಅದು ಹಾರಿಹೋಯಿತು. ಹೆಂಡತಿ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸುತ್ತ, "ಅದಕ್ಕ ಪಾಸ್‌ಪೋರ್ಟ್ ಸೈಜ್ ಬ್ಯಾಡಂತ್ರೀ" ಅಂದಳು.

ಇನ್ನೊಂದು ಚಟ ಇದೆ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರೀಲಿನ ಕಾಲದಲ್ಲಿ ತೆಗೆದ ಪಟ ಬಂದಿದೆಯೋ ಇಲ್ಲವೋ ತೊಳೆಯುವ ತನಕ ತಿಳಿಯುತ್ತಿರಲಿಲ್ಲ. ಆದ್ದರಿಂದ ಪ್ರತಿಯೊಂದು ಪಟವಾದ ಮೇಲೂ "ಸೇಫ್ಟಿಗೆ ಇನ್ನೊಂದು" ಎಂದು ಮತ್ತೊಂದು ತೆಗೆಯುವುದು ನನ್ನ ಅಭ್ಯಾಸ. ಧಾರೆ ಎರೆಯುತ್ತಿದ್ದ ಮದುಮಗಳ ತಂದೆಯನ್ನು ತಡೆದು ನಿಲ್ಲಿಸಿ ಇನ್ನೊಮ್ಮೆ ಎರೆಸಿದ್ದೇನೆ. ಪುರೋಹಿತರು ನನ್ನನ್ನು ನೋಡಿದ ನೋಟವನ್ನು ಮರೆತಿಲ್ಲ. ಈಗ ಪಟ ತೆಗೆದ ಮರುಕ್ಷಣ ಕ್ಯಾಮೆರಾದ ಬೆನ್ನಿನ ಮೇಲೇ ಕಾಣುತ್ತದೆ. ಆದರೂ ಬಾಯಿ ತನ್ನಷ್ಟಕ್ಕೆ "ಸೇಫ್ಟಿಗೆ ಇನ್ನೊಂದು" ಅನ್ನುತ್ತದೆ.

ಹೋದ ವರ್ಷ ದಸರಾ ಮುಗಿದ ಮಾರನೆಯ ದಿನ ಅಕ್ಕ ಫೋನ್ ಮಾಡಿದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಆನವಟ್ಟಿಯಿಂದ ಸೊರಬದ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಅವಳನ್ನು ಕೊಟ್ಟ ಊರು.

"ಭೂಮಿ ಹುಣ್ಣಿಮೆಗೆ ಬರ್ತೀಯೇನಾ?" ಎಂದಳು.

"ನೋಡಣ" ಅಂದೆ.

"ನೋಡದು ಎಂತದು? ಸ್ಟುಡಿಯೋ ಇದ್ದಾಗ ಟೈಮಿಲ್ಲ ಅಂತಿದ್ದೆ. ಈಗ ಎಂತ ಕಡಿದು ಹಾಕ್ತಾ ಇದೀಯ?"

ಆಮೇಲೆ ಬೇರೆ ದನಿಯಲ್ಲಿ ಹೇಳಿದಳು: "ಅವಲಕ್ಕಿ ಸರನ ದೀಪಾವಳಿ ದಿನ ಸೊಸೆ ಕೊರಳಿಗೆ ಹಾಕಣ ಅಂತ ಮಾಡೀನಿ. ಗದ್ದೇಲಿ ಭತ್ತಕ್ಕೆ ಹಾಕದು ನಂದು ಇದೇ ಕೊನೇ ಸಲ. ಒಂದು ಪಟ ತೆಕ್ಕೊಡು. ಗ್ವಾಡೆಗೆ ಹಾಕಂಗೆ."

ಭೂಮಿ ಹುಣ್ಣಿಮೆ ನಮ್ಮ ಕಡೆಯವರಿಗೆ ಹೇಳಬೇಕಾದ್ದಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಆ ಹೊತ್ತಿಗೆ ಭತ್ತ ಹೊಡೆ ಕಟ್ಟಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತದೆ. ಅಂದರೆ ಭೂಮಿತಾಯಿ ಬಸುರಿ. ಅವಳಿಗೆ ಅಂದು ಸೀಮಂತ. ರಾತ್ರಿಯಿಂದ ಅಡುಗೆ ಮಾಡಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತುಕೊಂಡು ಬೆಳಗ್ಗೆ ಗದ್ದೆಗೆ ಹೋಗಬೇಕು. ಹತ್ತಾರು ಸೊಪ್ಪು ಬೆರೆಸಿ ಬೇಯಿಸಿದ ಚರಗವನ್ನು ಗದ್ದೆಗೆಲ್ಲ ಬೀರಬೇಕು. ಮನೆಯ ಹಿರಿಯ ಹೆಂಗಸು ತನ್ನ ಕೊರಳ ಚಿನ್ನ ತೆಗೆದು ಭತ್ತದ ಒಂದು ಬುಡ್ಡೆಗೆ, ಅಂದರೆ ಒಂದೇ ಬುಡದ ಪೈರಿನ ಗೊಂಚಲಿಗೆ, ಹಾಕಿ ಪೂಜೆ ಮಾಡಿ, ಮತ್ತೆ ತೆಗೆದು ತಾನು ಹಾಕಿಕೊಳ್ಳಬೇಕು. ಎಲ್ಲ ಮುಗಿದು ಹೊರಡುವಾಗ ಬಾಳೆಲೆಯಲ್ಲಿ ಕಟ್ಟಿದ ಒಂದು ಕಡುಬನ್ನು ಭೂಮಿತಾಯಿಯ ಪಾಲು ಎಂದು ಗದ್ದೆಯ ಮೂಲೆಯಲ್ಲಿ ಹುಗಿಯಬೇಕು. ಕೊಯ್ಲಿನ ಹೊತ್ತಿಗೆ ಅದನ್ನು ಅಗೆದು ನೋಡುತ್ತಾರೆ.

ಎರಡು ತಾಲ್ಲೂಕಿನ ಎಷ್ಟೋ ಬಸುರಿಯರ ಸೀಮಂತಕ್ಕೆ ಲೈಟು ಹಿಡಿದವನು ನಾನು. ಈ ಒಬ್ಬಳದ್ದು ಮಾತ್ರ ಒಂದು ಪಟವೂ ನನ್ನ ಹತ್ತಿರ ಇರಲಿಲ್ಲ. ಆ ಸರ ಅಕ್ಕನಿಗೆ ಅವಳ ಅತ್ತೆ ಕೊಟ್ಟದ್ದು. ಮದುವೆಯಾಗಿ ಬಂದ ಮೇಲೆ ಹತ್ತು ವರ್ಷ ಕಾಯಿಸಿ ಕೊಟ್ಟದ್ದು. ಅಲ್ಲಿಂದ ಇಲ್ಲಿಯವರೆಗೆ ಪ್ರತಿವರ್ಷ ಅವಳ ಕೊರಳಿನಿಂದ ಭತ್ತಕ್ಕೆ, ಭತ್ತದಿಂದ ಅವಳ ಕೊರಳಿಗೆ ಹೋಗಿ ಬಂದದ್ದು. ಹೂಂ ಅಂದೆ. ಅಂದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೇಲೆ ಹೇಳಿದ ಪಟ್ಟಿ ತಯಾರಾದದ್ದು ಆಗ.

ಹುಣ್ಣಿಮೆಯ ಹಿಂದಿನ ಸಂಜೆ ನಾವು ಹೋದಾಗ ಸೊಸೆ ಜಗಲಿಯ ಮೇಲೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುತ್ತಿದ್ದಳು. ಅಕ್ಕನ ಕೈ ಈಗ ಸ್ವಲ್ಪ ನಡುಗುತ್ತದೆ, ಆದ್ದರಿಂದ ಬಾಯಿ ಮಾತ್ರ ಕೆಲಸ ಮಾಡುತ್ತಿತ್ತು. "ಆ ಗೆರೆ ಸೊಟ್ಟ ಆತು." "ಸೊಟ್ಟ ಅಲ್ಲ ಅತ್ತೆ, ಬುಟ್ಟೀನೇ ಸೊಟ್ಟ ಇದೆ." "ನಂಗೆ ಮೂವತ್ತು ವರ್ಷ ನೆಟ್ಟಗೇ ಇತ್ತು." ಇಬ್ಬರೂ ನಗುತ್ತಿದ್ದರು.

ಭಾವ ನನ್ನ ಬ್ಯಾಗು ನೋಡಿದರು. "ಎಂತದಾ ಮಾರಾಯ, ಒಂದು ಪಟ ತೆಗಿಯಕ್ಕೆ ಇಷ್ಟು ಸಾಮಾನು? ಇದ್ರಾಗೆ ಬೋರ್‌ವೆಲ್ ತೆಗೀಬೌದು."

"ಬ್ಯಾಟ್ರೀನೇ ಮೂರು ಅದಾವ ಅಣ್ಣಾ" ಎಂದಳು ನನ್ನ ಹೆಂಡತಿ. "ಒಂದು ಸತ್ರೆ ಇನ್ನೊಂದಕ್ಕ, ಅದು ಸತ್ರೆ ಮತ್ತೊಂದಕ್ಕ. ಇವ್ರು ಸತ್ರೆ ಮಾತ್ರ ಇನ್ನೊಂದಿಲ್ಲ."

ಬೆಳಕು ಹರಿಯುವಾಗ ಹೊರಟೆವು. ಅಳಿಯ, ಅಂದರೆ ಅಕ್ಕನ ಮಗ, ಬುಟ್ಟಿ ಹೊತ್ತು ಮುಂದೆ ನಡೆದ. ಅವನು ಹೈಸ್ಕೂಲ್ ಮೇಷ್ಟ್ರು. ಒಂಬತ್ತಕ್ಕೆ ಶಾಲೆಗೆ ಹೋಗಬೇಕಿತ್ತು, ಅಂದು ಅವನಿಗೆ ರಜೆಯಿಲ್ಲ. ಹಿಂದೆ ಭಾವ, ಹೆಗಲ ಮೇಲೆ ಕಂಬಳಿ. ಆಮೇಲೆ ಹೆಂಗಸರು. ಎಲ್ಲರಿಗಿಂತ ಹಿಂದೆ ಬದುವಿನ ಒಂದೊಂದು ಹೆಂಟೆಯನ್ನೂ ಪರೀಕ್ಷಿಸಿ ಕಾಲಿಡುತ್ತ ನಾನು. ಇಬ್ಬನಿಯಲ್ಲಿ ಭತ್ತದ ಮೈ ನೆನೆದು ಬೆಳ್ಳಗಾಗಿತ್ತು. ಅಲ್ಲಲ್ಲಿ ಬೇರೆ ಮನೆಯವರೂ ತಮ್ಮ ಗದ್ದೆಗಳಲ್ಲಿ ನಿಂತು ಕೂಗಿ ಚರಗ ಬೀರುತ್ತಿದ್ದರು. ಒಬ್ಬರ ಕೂಗು ನಿಲ್ಲುವುದರೊಳಗೆ ಇನ್ನೊಬ್ಬರದು. ಸರ್ವೆಯವನೆಂದು ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ ದೂರದಿಂದ, "ಟೀವಿಯವ್ರೇನ್ರೀ?" ಎಂದರು. ಭಾವ, "ಅಲ್ಲ, ನಮ್ಮ ಮನೆಯವ್ಳ ತಮ್ಮ" ಎಂದು ಕೂಗಿ ನನ್ನನ್ನು ನನ್ನ ಜಾಗದಲ್ಲಿ ಇಟ್ಟರು.

ಪೂಜೆ ಮಾಡುವ ಮೂಲೆ ಪ್ರತಿವರ್ಷದ್ದೇ. ಅಲ್ಲೊಂದು ಹೊನ್ನೆ ಮರ ಇದೆ. ಅಕ್ಕ ಸೀರೆ ಎತ್ತಿ ಸಿಕ್ಕಿಸಿ ಕೂತಳು. ಕಾಯಿ, ಹೂವು, ಕುಂಕುಮ ಒಂದೊಂದಾಗಿ ಹೊರಬಂದವು. ಕಡುಬಿನ ಬಾಳೆಲೆ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, "ಇದು ಭೂಮ್ತಾಯಿ ಪಾಲು. ಕೊನೀಗೆ ಹುಗಿಯದು. ನೆಲಕ್ಕೆ ಇಡಬ್ಯಾಡ, ಹಿಡ್ಕ" ಅಂದಳು. ನಾನು ಎರಡು ಕೈಯಲ್ಲಿ ಕ್ಯಾಮೆರಾ ಹಿಡಿಯಬೇಕಾದವನು. ಕೆಸರಿಗೆ ಬಿದ್ದರೆ ಏನು ಗತಿ ಎಂದು ಅದನ್ನು ಜೋಪಾನವಾಗಿ ನನ್ನ ಬ್ಯಾಗಿನ ಒಳಖಾನೆಯಲ್ಲಿ, ಲೆನ್ಸ್ ಇಡುವ ಮೆತ್ತನೆಯ ಗೂಡಿನಲ್ಲಿ ಇಟ್ಟು ಜಿಪ್ ಎಳೆದೆ. ಆ ಇಡೀ ಬಯಲಿನಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ಅಕ್ಕ ಕೊರಳಿನಿಂದ ಸರ ತೆಗೆದಳು. ತೆಗೆಯುವಾಗ ಕೊಂಡಿ ಸಿಗದೆ ಬೆರಳು ತಡವರಿಸಿತು. ಸೊಸೆ ಬಗ್ಗಿ ಬಿಡಿಸಿಕೊಟ್ಟಳು. ಒಂದು ದಪ್ಪ ಬುಡ್ಡೆಯ ಗರಿಗಳನ್ನು ಒಟ್ಟು ಹಿಡಿದು, ಮದುಮಗಳಿಗೆ ಹಾಕುವ ಹಾಗೆ ಸರ ಇಳಿಬಿಟ್ಟು, ಎರಡು ಕೈಯಿಂದ ಅದರ ನೆತ್ತಿ ಸವರಿದಳು. ನಾನು ಗುಂಡಿ ಒತ್ತಿದೆ. ಒತ್ತಿದೆ. ಇನ್ನೂ ಒತ್ತಿದೆ. ಅಳಿಯ ಚರಗ ಬೀರಿ ಮುಗಿಸಿ ಕೈ ತೊಳೆದು, "ಮಾವ, ಸೇಫ್ಟಿದೆಲ್ಲ ನೀವು ನಿಧಾನಕ್ಕೆ ಮಾಡ್ಕಳಿ" ಎಂದು ಶಾಲೆಗೆ ಹೊರಟುಹೋದ. ಅಕ್ಕ ಸರ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಎಲ್ಲ ಅಲ್ಲಿಗೆ ಮುಗಿಯಬೇಕಿತ್ತು. ಕ್ಯಾಮೆರಾದ ಬೆನ್ನು ನೋಡಿದೆ. ಪಟ ಬಂದಿತ್ತು. ಅಕ್ಕನ ಕಣ್ಣೂ ತೆರೆದಿತ್ತು. ಆದರೆ ಹೊನ್ನೆ ಮರದ ನೆರಳು ಬಿದ್ದು ಸರ ಮಂಕಾಗಿ, ಚಿನ್ನ ಹಿತ್ತಾಳೆಯ ಹಾಗೆ ಕಾಣುತ್ತಿತ್ತು. ಮೂರು ಗದ್ದೆ ಆಚೆ ಬಿಸಿಲು ಭತ್ತದ ಹಿಂದಿನಿಂದ ಬಂದು ಪ್ರತಿ ಗರಿಯ ಅಂಚಿಗೂ ಬೆಂಕಿ ಹಚ್ಚಿದ ಹಾಗೆ ಇತ್ತು.

"ಅಕ್ಕ, ಸೇಫ್ಟಿಗೆ ಇನ್ನೊಂದು. ಅಲ್ಲಿ."

"ಪೂಜೆ ಆತಲ್ಲ ಮಾರಾಯ."

"ಪೂಜೆ ಅಲ್ಲ, ಪಟ. ಸರ ಸುಮ್ನೆ ಒಂದು ಗಿಡಕ್ಕೆ ಹಾಕು, ಒಂದೇ ನಿಮಿಷ."

ಅವಳು ನನ್ನ ಮುಖ ನೋಡಿ ಎದ್ದಳು. ಚಿಕ್ಕವನಿದ್ದಾಗ ನಾನು ಪೇರಲೆ ಹಣ್ಣಿಗೆ ಹಟ ಮಾಡಿದಾಗ ಎದ್ದ ಹಾಗೇ ಎದ್ದಳು. ಬಿಸಿಲಿನ ಗದ್ದೆಗೆ ಹೋಗಿ ಒಂದು ಬುಡ್ಡೆಗೆ ಸರ ಹಾಕಿ ನಿಂತಳು. ಸೊಸೆಯೂ ಪಕ್ಕದಲ್ಲಿ ನಿಂತಳು. ನಾನು ಕೆಸರಿಗೆ ಇಳಿದು, ಮಂಡಿಯೂರಿ, ಇಪ್ಪತ್ತು ಪಟ ತೆಗೆದೆ. ನನ್ನ ಜೀವಮಾನದ ಒಳ್ಳೆಯ ಬೆಳಕು ಅದು. ತೆಗೆದು ಹಿಂದೆ ತಿರುಗಿದರೆ ಪಡುವಲಲ್ಲಿ ಕಪ್ಪು ಮೋಡ ಕಂಡಿತು.

"ಮಳೆ!" ಎಂದು ಕಿರುಚಿದೆ. "ಮಳೆ ಬಂತು! ಕ್ಯಾಮೆರಾ! ಬೇಗ ಬನ್ನಿ!"

ನನ್ನ ದನಿಯಲ್ಲಿ ಏನಿತ್ತೋ, ಎಲ್ಲರೂ ಓಡಿದರು. ಹೆಂಡತಿ ಪಾತ್ರೆ ತುಂಬಿದಳು, ಭಾವ ಬುಟ್ಟಿ ಎತ್ತಿದರು, ಸೊಸೆ ಅಕ್ಕನ ಕೈ ಹಿಡಿದು ಬದು ಹತ್ತಿಸಿದಳು. ಗದ್ದೆಯಲ್ಲಿ ಕೂತು ಉಣ್ಣಬೇಕಾದ ಊಟವನ್ನೂ ಕಟ್ಟಿಕೊಂಡು ಮನೆಯ ಜಗಲಿಗೆ ಬಂದು ಉಂಡೆವು. ಉಂಡು ಕೈ ತೊಳೆಯುವ ತನಕ ಒಂದು ಹನಿಯೂ ಬೀಳಲಿಲ್ಲ. ಮೋಡ ಬನವಾಸಿ ಕಡೆಗೆ ಹೋಯಿತು ಎಂದು ಭಾವ ಅಂದಾಜು ಮಾಡಿದರು.

ಅಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತ ಅಭ್ಯಾಸದಂತೆ ಕೊರಳಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

ಸೊಸೆ, "ಬುಟ್ಟೀಲಿ ನೋಡ್ತೀನಿ" ಎಂದು ಎದ್ದಳು. ಬುಟ್ಟಿಯಲ್ಲಿರಲಿಲ್ಲ. ಪಾತ್ರೆಯಲ್ಲಿರಲಿಲ್ಲ. ಅಕ್ಕನ ಸೆರಗಿನ ಗಂಟಿನಲ್ಲಿರಲಿಲ್ಲ. ಅಕ್ಕ ಎಲೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು, "ಹದ್ನೈದು ದಿನ ಇತ್ತು" ಎಂದಳು. "ಇನ್ನು ಹದ್ನೈದೇ ದಿನ. ಅತ್ತೆ ಅಷ್ಟು ವರ್ಷ ಇಟ್ಕಂಡು ಕೊಟ್ರು. ನಾನು ಅಷ್ಟು ವರ್ಷ ಇಟ್ಕಂಡೆ. ಇವ್ಳಿಗೆ ಕೊಡದ್ರೊಳಗೆ..."

"ಅತ್ತೆ, ಎಲ್ಲೂ ಹೋಗಿರಲ್ಲ. ಬನ್ನಿ" ಎಂದು ಸೊಸೆ ಎಬ್ಬಿಸಿದಳು.

ಮತ್ತೆ ಗದ್ದೆಗೆ ಹೋದೆವು. ಈ ಸಲ ಬದುವಿನ ಹೆಂಟೆ ಪರೀಕ್ಷಿಸಲು ನನಗೆ ನೆನಪಾಗಲಿಲ್ಲ. ಎಲ್ಲರೂ ನೇರವಾಗಿ ಹೊನ್ನೆ ಮರದ ಬುಡಕ್ಕೆ ಹೋಗಿ ಕುಂಕುಮ ಹಚ್ಚಿದ ಬುಡ್ಡೆಯ ಸುತ್ತ ಕೈಯಾಡಿಸಿದರು. ಪೂಜೆ ಆದದ್ದು ಅಲ್ಲಿ. ನೆನಪು ಹೋಗುವುದೂ ಅಲ್ಲಿಗೇ. ನನಗೆ ಹೇಳಬೇಕು ಎಂದು ಗೊತ್ತಿತ್ತು. ಹೇಳಿದರೆ ಇದಕ್ಕೆಲ್ಲ ಯಾರು ಕಾರಣ ಎಂದು ಎಲ್ಲರಿಗೂ ಗೊತ್ತಾಗುತ್ತದೆ ಎಂಬುದೂ ಗೊತ್ತಿತ್ತು. ಅರ್ಧ ನಿಮಿಷ ಸುಮ್ಮನಿದ್ದೆ. ಆ ಅರ್ಧ ನಿಮಿಷದ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ.

"ಅಲ್ಲಲ್ಲ ಅಕ್ಕ. ಕೊನೇಗೆ ಹಾಕಿದ್ದು ಆ ಬಿಸಿಲಿನ ಗದ್ದೇಲಿ. ನಾನು ಹಾಕ್ಸಿದ್ದು. ಮಳೆ ಅಂತ ಕೂಗಿದ್ದೂ ನಾನೇ."

ಭಾವ ನನ್ನನ್ನು ನೋಡಿದರು. ಬೈಯಲಿಲ್ಲ. "ಯಾವ ಬುಡ್ಡೆ?" ಎಂದರು.

ಅದೇ ಕಷ್ಟ. ಆ ಗದ್ದೆಯಲ್ಲಿ ಕುಂಕುಮವಿಲ್ಲ, ಹೂವಿಲ್ಲ. ಎತ್ತ ನೋಡಿದರೂ ಎದೆಯೆತ್ತರದ ಹಸಿರು, ಒಂದು ಬುಡ್ಡೆಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ನಾವು ಬಿಟ್ಟ ಮೇಲೆ ಗರಿಗಳು ಸಡಿಲಾಗಿ ಸರ ಬುಡಕ್ಕೆ ಜಾರಿ ಕೆಸರಿನಲ್ಲಿ ಕೂತಿರಬೇಕು. ಒಳಗೆ ನುಗ್ಗಿ ತುಳಿದು ಹುಡುಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ಸಾಲದ್ದಕ್ಕೆ, ಸೀಮಂತದ ದಿನವೇ ಬಸುರಿಯನ್ನು ತುಳಿದ ಹಾಗಾಗುತ್ತದೆ.

"ಏನ್ರೀ," ಎಂದಳು ಹೆಂಡತಿ, "ಇಪ್ಪತ್ತು ಪಟ ತೆಗದ್ರಲ್ಲ. ಅದ್ರಾಗ ನೋಡ್ರಿ."

ಅಷ್ಟು ಸರಳ ಮಾತು ನನಗೆ ಹೊಳೆದಿರಲಿಲ್ಲ. ಕ್ಯಾಮೆರಾ ತೆಗೆದೆ. ಆ ಬಿಸಿಲಿಗೆ ಹಿಂದಿನ ಪರದೆಯಲ್ಲಿ ನನ್ನ ಮೂಗಲ್ಲದೆ ಏನೂ ಕಾಣಲಿಲ್ಲ. ಭಾವ ತಮ್ಮ ಕಂಬಳಿಯನ್ನು ನನ್ನ ತಲೆಯ ಮೇಲೆ ಹೊದಿಸಿದರು. ನಾನು ಕೆಲಸ ಕಲಿತ ಮೇಷ್ಟ್ರ ಸ್ಟುಡಿಯೋದಲ್ಲಿ ಮರದ ಪೆಟ್ಟಿಗೆಯ ಕ್ಯಾಮೆರಾ ಇತ್ತು. ಅವರು ಹೀಗೇ ಕಪ್ಪು ಬಟ್ಟೆಯೊಳಗೆ ತಲೆ ಹಾಕುತ್ತಿದ್ದರು. ಎಷ್ಟೋ ವರ್ಷದ ಮೇಲೆ ಮತ್ತೆ ಕತ್ತಲೆಯಲ್ಲಿ ಒಂದು ಬೆಳಗುವ ಚೌಕ ನೋಡಿದೆ. ಕಂಬಳಿಯ ವಾಸನೆಯೊಂದಿಗೆ.

ಸರದ ಪಟಗಳು ತುಂಬ ಚೆನ್ನಾಗಿದ್ದವು, ಯಾವುದಕ್ಕೂ ಉಪಯೋಗವಿರಲಿಲ್ಲ. ಹಿಂದಿನದೆಲ್ಲ ಮಸುಕು, ಬೆಣ್ಣೆಯ ಹಾಗೆ. ಅಂಥ ಮಸುಕಿಗಾಗಿ ಆ ಲೆನ್ಸ್ ಕೊಂಡವನು ನಾನು. ಒಂದೊಂದೇ ಸರಿಸುತ್ತ ಹೋದೆ. ಹದಿನೆಂಟು, ಹತ್ತೊಂಬತ್ತು. ಕೊನೆಯದರಲ್ಲಿ ಮಾತ್ರ ಏನು ತೋಚಿತೋ, ಎದ್ದು ನಿಂತು, ಹಿಂದೆ ಸರಿದು ಎಲ್ಲವನ್ನೂ ಸೇರಿಸಿ ತೆಗೆದಿದ್ದೆ. ಅದು ಸೇಫ್ಟಿಯ ಸೇಫ್ಟಿ. ಅಕ್ಕ, ಸೊಸೆ, ಇಬ್ಬರ ನಡುವೆ ಸರ ಹಾಕಿದ ಬುಡ್ಡೆ. ಅದರ ನೇರ ಹಿಂದೆ ಪಕ್ಕದವರ ಗದ್ದೆಯ ಬೆರ್ಚಪ್ಪನ ಮಡಕೆ ತಲೆ. ತಲೆಯ ಎಡಕ್ಕೆ ದೂರದ ಗುಡ್ಡ ತಗ್ಗಾಗುವ ಜಾಗ.

ಕಂಬಳಿಯಿಂದ ಹೊರಬಂದೆ. ಕೆಸರಿನಲ್ಲಿ ನನ್ನ ಮಂಡಿ ಊರಿದ ಗುರುತು ಹಾಗೇ ಇತ್ತು, ಅದರೊಳಗೆ ನೀರು ಜಿನುಗಿ ನಿಂತಿತ್ತು. ಅಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ನನ್ನ ಪಾದದ ಗುರುತು. ಅದರಲ್ಲೇ ಕಾಲಿಟ್ಟು ನಿಂತೆ. ಬೆರ್ಚಪ್ಪನ ತಲೆಯನ್ನೂ ಗುಡ್ಡದ ತಗ್ಗನ್ನೂ ಪಟದಲ್ಲಿದ್ದ ಹಾಗೆ ಹೊಂದಿಸಿದೆ. ಮೂವತ್ತು ವರ್ಷ ಜನರಿಗೆ ಮಾಡಿದ್ದನ್ನೇ ಈಗ ಮಾಡಿದೆ.

"ನೀನು ಸ್ವಲ್ಪ ಬಲಕ್ಕೆ" ಎಂದೆ ಸೊಸೆಗೆ. "ಇನ್ನೂ. ಸಾಕು. ಅರ್ಧ ಹೆಜ್ಜೆ ಹಿಂದೆ. ಅಲುಗಾಡಬ್ಯಾಡ. ಈಗ ನಿನ್ನ ಎಡಗೈ ಕೆಳಗಿನ ಬುಡ್ಡೆ."

ಅವಳು ಬಗ್ಗಿದಳು. ಭತ್ತದೊಳಗೆ ತಲೆಯೇ ಕಾಣದ ಹಾಗೆ ಬಗ್ಗಿದಳು. ಅಕ್ಕ ಖಾಲಿ ಕೊರಳನ್ನು ಹಿಡಿದುಕೊಂಡೇ ನಿಂತಿದ್ದಳು. "ಇಲ್ಲ ಮಾವ" ಎಂದು ಒಳಗಿನಿಂದ ದನಿ ಬಂತು. "ತಡೀರಿ, ಪಕ್ಕದ್ದು" ಎಂದಳು. ಆಮೇಲೆ ಒಂದು ಕೈ ಮೇಲೆ ಬಂತು, ಮೊಣಕೈವರೆಗೆ ಕೆಸರು, ಬೆರಳಿನ ತುದಿಯಲ್ಲಿ ಎರೆಹುಳದ ಹಾಗೆ ಏನೋ ನೇತಾಡುತ್ತಿತ್ತು.

ಅವಳು ಅದನ್ನು ಕಾಲುವೆಯ ನೀರಿನಲ್ಲಿ ಜಾಲಿಸಿ ಅಕ್ಕನ ಮುಂದೆ ಹಿಡಿದಳು. ಅಕ್ಕ ತೆಗೆದುಕೊಳ್ಳಲಿಲ್ಲ. ಸೊಸೆಯ ಕೈಯಲ್ಲಿದ್ದ ಸರವನ್ನೇ ನೋಡಿದಳು, ಆಮೇಲೆ ನನ್ನನ್ನು.

"ದೀಪಾವಳಿ ತಂಕ ಇವ್ನು ಇನ್ನೊಂದ್ಸಲ ಬಂದ್ರೆ ಕಷ್ಟ" ಎಂದಳು. ಎಂದವಳೇ ಸರ ತೆಗೆದುಕೊಂಡು, ಅಲ್ಲೇ, ಸೊಸೆಯ ಕೆಸರು ಬಳಿದ ಕೊರಳಿಗೆ ಹಾಕಿದಳು. ಕೊಂಡಿ ಬೇಗ ಸಿಗಲಿಲ್ಲ; ಈ ಸಲ ಯಾರೂ ಸಹಾಯಕ್ಕೆ ಹೋಗಲಿಲ್ಲ. ಹೊತ್ತು ಹಿಡಿಯಿತು. ಹಾಕಿದಳು. "ಇನ್ನು ನೀನೇ ಕಾಯ್ಕ. ನಂಗೆ ಸಾಕಾತು" ಎಂದು ಭತ್ತದ ನೆತ್ತಿ ಸವರಿದ ಹಾಗೆ ಅವಳ ನೆತ್ತಿ ಸವರಿದಳು.

ನಾನು ಕ್ಯಾಮೆರಾ ಎತ್ತಿ ಒಂದು ತೆಗೆದೆ. ಬಾಯಿ ತೆರೆಯುವುದರೊಳಗೆ ಭಾವ ಹೇಳಿದರು: "ಸೇಫ್ಟಿಗೆ ಅಂದೆಯೋ, ನಿನ್ನನ್ನೂ ಅದನ್ನೂ ಒಟ್ಟಿಗೇ ಗದ್ದೆಗೆ ಹಾಕಿ ನೇಗಿಲು ಹೊಡೀತೀನಿ." ಬಾಯಿ ಮುಚ್ಚಿದೆ. ಆ ಪಟ ಒಂದೇ ಒಂದು ಇದೆ.

ಅದೇ ಈಗ ಅಕ್ಕನ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅಕ್ಕನ ಕಣ್ಣು ಮುಚ್ಚಿದೆ. ಬೇರೆಯದರಲ್ಲಿ ತೆರೆದಿದೆ, ಅದನ್ನು ಹಾಕೋಣ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ನೋಡಕ್ಕೆ ಎಂತ ಇತ್ತು ಆಗ?" ಎಂದಳು. ಸ್ಟುಡಿಯೋ ಇದ್ದಿದ್ದರೆ ನಾನು ಅಂಥ ಪಟವನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದೆ.

ಅಂದು ಸಂಜೆ ಸ್ಕೂಟರಿನಲ್ಲಿ ಶಿಕಾರಿಪುರಕ್ಕೆ ಹಿಂತಿರುಗುವಾಗ ನನ್ನ ಪಟ್ಟಿಯನ್ನು ಒಂದೊಂದಾಗಿ ಹೆಂಡತಿಗೆ ಒಪ್ಪಿಸಿದೆ. ಪಂಕ್ಚರ್ ಇಲ್ಲ, ಮಳೆ ಇಲ್ಲ, ಹಾವಿಲ್ಲ, ಉಣುಗಿಲ್ಲ. ಮೂರನೆಯ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಹೋದ ಸರ ಸಿಕ್ಕಿತು. ಗ್ಯಾಸ್ ಆಫ್ ಆಗಿಯೇ ಇತ್ತು. ಒಂದೂ ತಪ್ಪಾಗದ ದಿನ ನನ್ನ ಬದುಕಿನಲ್ಲಿ ಬಂದದ್ದು ಅದೇ ಮೊದಲು ಎಂದು, ಕೈಕಾಲು ತೊಳೆದು ಹಾಯಾಗಿ ಮಲಗಿದೆ. ಮಾರನೆಯ ದಿನ, ಅದರ ಮಾರನೆಯ ದಿನ, ಕ್ಯಾಮೆರಾ ಮುಟ್ಟಲಿಲ್ಲ. ಅಷ್ಟು ತೃಪ್ತಿ.

ನಾಲ್ಕನೆಯ ಬೆಳಗ್ಗೆ ಹೆಂಡತಿ ಬೀರುವಿನ ಮುಂದೆ ಮೂಗು ಮುಚ್ಚಿಕೊಂಡು ನಿಂತಿದ್ದಳು. "ಏನ್ರೀ, ಇದ್ರಾಗ ಇಲಿ ಸತ್ತೈತೇನ್ರೀ?"

ಬ್ಯಾಗು ಇಳಿಸಿ ಒಳಖಾನೆಯ ಜಿಪ್ ಎಳೆದೆ. ಲೆನ್ಸ್ ಇಡುವ ಮೆತ್ತನೆಯ ಗೂಡಿನಲ್ಲಿ, ನಾನು ಇಟ್ಟ ಹಾಗೇ, ಒಂದು ಚೂರೂ ಅಲುಗಾಡದೆ, ಭೂಮಿತಾಯಿಯ ಪಾಲಿನ ಕಡುಬು ಕೂತಿತ್ತು.